ಏಣಿ ಎಟುಕದ ಮಹಡಿ

ಪರದೇಶಕ್ಕೆ ಹೋಗಿಬಂದವರ ಬಾಯಲ್ಲಿ ಏನಾದರೊಂದು ದೊಡ್ಡ ಸಂಗತಿ ಇರಬೇಕು ಎಂದು ಜನ ಬಯಸುತ್ತಾರೆ. 2019ರ ಬೇಸಿಗೆ ರಜೆಯಲ್ಲಿ ನಾನೂ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ನೋಡಿದೆ. ನಯಾಗರಾದ ಹನಿಗಳಿಗೆ ಮುಖವೊಡ್ಡಿ, ಸೀರೆಯ ನೆರಿಗೆಯನ್ನೆಲ್ಲ ನೆನೆಸಿಕೊಂಡು ಫೋಟೋ ತೆಗೆಸಿಕೊಂಡೆ. ಆದರೆ ಊರಿಗೆ ಬಂದು ಶಾಲೆ ತೆರೆದ ದಿನ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುತ್ತ ಕುಳಿತು "ಏನೇನು ನೋಡಿದಿರಿ, ಹೇಳಿ ಮೇಡಂ" ಎಂದಾಗ ನನ್ನ ಬಾಯಿಂದ ಮೊದಲು ಬಂದದ್ದು ಫೈರ್ ಬ್ರಿಗೇಡಿನ ಮ್ಯೂಸಿಯಂ.

"ಅಷ್ಟು ದುಡ್ಡು ಖರ್ಚು ಮಾಡಿ ಹೋಗಿ ಫೈರ್ ಎಂಜಿನ್ ನೋಡ್ಕೊಂಡು ಬಂದ್ರಾ?" ಎಂದು ಗಣಿತದ ಮೇಷ್ಟ್ರು ನಕ್ಕರು. ಉಳಿದವರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ಕೈಚೀಲದೊಳಗೆ ಕೈಹಾಕಿ ಒಂದು ಹಳೆಯ ಬೀಗದ ಕೈಯನ್ನು ಮುಟ್ಟಿ ನೋಡಿಕೊಂಡೆ. ಆ ಕೈಯ ಕತೆಯನ್ನು ಆಮೇಲೆ ಹೇಳುತ್ತೇನೆ.

ಮ್ಯೂಸಿಯಂಗೆ ಹೋಗಬೇಕೆಂದು ಹಟ ಹಿಡಿದವನು ಐದು ವರ್ಷದ ಮೊಮ್ಮಗ. ಆ ವಯಸ್ಸಿನ ಹುಡುಗರಿಗೆ ಲೋಕದಲ್ಲಿ ಎರಡೇ ದೇವರು, ಒಂದು ರೈಲು, ಇನ್ನೊಂದು ಫೈರ್ ಎಂಜಿನ್. ಮಗಳ ಮನೆ ಹಡ್ಸನ್ ನದಿಯ ಆಚೆ ದಡದಲ್ಲಿ, ನ್ಯೂ ಜೆರ್ಸಿಯಲ್ಲಿತ್ತು. ನದಿಯ ಅಡಿಯಲ್ಲಿ ಓಡುವ ರೈಲು ಹತ್ತಿ ಮ್ಯಾನ್‌ಹಟನ್ನಿಗೆ ಬಂದು, ಅಲ್ಲಿಂದ ನಡೆದು ಸ್ಪ್ರಿಂಗ್ ಸ್ಟ್ರೀಟ್ ಎಂಬ ಬೀದಿಯನ್ನು ಸೇರಿದೆವು. ನ್ಯೂಯಾರ್ಕಿನ ಫೈರ್ ಮ್ಯೂಸಿಯಂ ಇದ್ದದ್ದು ಅಲ್ಲೇ. ಗಗನಚುಂಬಿಗಳ ಊರಿನಲ್ಲಿ ಅದೊಂದು ಪುಟ್ಟ ಕಟ್ಟಡ. 1904ರಲ್ಲಿ ಕಟ್ಟಿದ ಅಗ್ನಿಶಾಮಕ ಠಾಣೆ ಅದು. ಹಳೆಯ ಠಾಣೆಯನ್ನೇ 1987ರಲ್ಲಿ ಮ್ಯೂಸಿಯಂ ಮಾಡಿದ್ದರಂತೆ. ಮುಂಭಾಗದಲ್ಲಿ ಗಾಡಿ ಹೊರಡಲು ದೊಡ್ಡ ಕೆಂಪು ಬಾಗಿಲು, ಒಳಗೆ ಮಹಡಿಯಿಂದ ಸರ್ರನೆ ಜಾರಿ ಇಳಿಯಲು ಹಿತ್ತಾಳೆಯ ಕಂಬ. ಮೊಮ್ಮಗ ಆ ಕಂಬವನ್ನು ತಬ್ಬಿಕೊಂಡವನು ಹತ್ತು ನಿಮಿಷ ಬಿಡಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚರ್ಮದ ಬಕೆಟ್ಟುಗಳು. ಚಪ್ಪಲಿ ಹೊಲಿದ ಹಾಗೆ ದಪ್ಪ ಚರ್ಮ ಹೊಲಿದು, ಮೇಲೆ ಮನೆಯ ಯಜಮಾನನ ಹೆಸರು ಬಣ್ಣದಲ್ಲಿ ಬರೆದ ಬಕೆಟ್ಟುಗಳು. ಡಚ್ಚರ ಕಾಲದಲ್ಲಿ ಈ ಊರಿನ ಹೆಸರು ನ್ಯೂ ಆಂಸ್ಟರ್ಡಾಂ. ಮರದ ಮನೆಗಳು, ಹುಲ್ಲಿನ ಸೂರು, ಮರದಿಂದಲೇ ಮಾಡಿದ ಹೊಗೆಗೂಡುಗಳು. 1648ರಲ್ಲಿ ಅಲ್ಲಿಯ ಆಡಳಿತಗಾರ ಪೀಟರ್ ಸ್ಟಯ್ವೆಸೆಂಟ್ ಮನೆಮನೆಗೂ ಹೋಗಿ ಹೊಗೆಗೂಡು ನೋಡುವ ಮೇಲ್ವಿಚಾರಕರನ್ನು ನೇಮಿಸಿದ. ಮಸಿ ಕಟ್ಟಿಕೊಂಡಿದ್ದರೆ ದಂಡ. ಆ ದಂಡದ ದುಡ್ಡಿನಲ್ಲಿ ಏಣಿ, ಕೊಕ್ಕೆ, ಬಕೆಟ್ಟು ಕೊಂಡರು. ಆಮೇಲೆ ರಾತ್ರಿಯೆಲ್ಲ ಬೀದಿ ಸುತ್ತುವ ಕಾವಲಿನವರು ಬಂದರು. ಅವರ ಕೈಯಲ್ಲಿ ಮರದ ಗಿರಗಿಟ್ಲೆ. ಬೆಂಕಿ ಕಂಡರೆ ಗಿರಗಿರ ತಿರುಗಿಸಿ ಊರನ್ನು ಎಬ್ಬಿಸಬೇಕು. ಜನ ಬಾವಿಯಿಂದ ಬೆಂಕಿಯವರೆಗೆ ಎರಡು ಸಾಲು ನಿಲ್ಲಬೇಕು. ಒಂದು ಸಾಲಿನಲ್ಲಿ ತುಂಬಿದ ಬಕೆಟ್ಟು ಮುಂದಕ್ಕೆ, ಇನ್ನೊಂದರಲ್ಲಿ ಖಾಲಿ ಬಕೆಟ್ಟು ಹಿಂದಕ್ಕೆ.

ಇದನ್ನು ನೋಡುತ್ತ ನಿಂತಾಗ ನನಗೆ ನಮ್ಮ ಅಜ್ಜಿಯ ಊರು ನೆನಪಾಯಿತು. ನಾನು ಚಿಕ್ಕವಳಿದ್ದಾಗ ಅಲ್ಲಿ ಒಮ್ಮೆ ಹುಲ್ಲಿನ ಬಣವೆಗೆ ಬೆಂಕಿ ಬಿದ್ದಿತ್ತು. ಯಾರೂ ಹೇಳಿಕೊಡದೆಯೇ ಹೆಂಗಸರೆಲ್ಲ ಬಾವಿಯಿಂದ ಕಣದವರೆಗೆ ಸಾಲಾಗಿ ನಿಂತು ಕೊಡ ದಾಟಿಸಿದ್ದರು. ಗಂಡಸರು ಬೊಬ್ಬೆ ಹಾಕುತ್ತಿದ್ದರು, ಕೊಡ ಮಾತ್ರ ಕೈಯಿಂದ ಕೈಗೆ ಮಾತಿಲ್ಲದೆ ಹೋಗುತ್ತಿತ್ತು. ಸಮುದ್ರದಾಚೆಯ ಡಚ್ಚರಿಗೂ ನಮ್ಮಜ್ಜಿಗೂ ಹೊಳೆದದ್ದು ಒಂದೇ ಉಪಾಯ.

1731ರಲ್ಲಿ ಲಂಡನ್ನಿನಿಂದ ಹಡಗಿನಲ್ಲಿ ಎರಡು ಕೈಪಂಪಿನ ಎಂಜಿನ್ನುಗಳು ಬಂದವು. ಎಂಜಿನ್ ಎಂದರೆ ಮೋಟಾರು ಅಂದುಕೊಳ್ಳಬೇಡಿ. ಮರದ ತೊಟ್ಟಿ, ಅದರ ಎರಡು ಕಡೆಗೆ ಉದ್ದನೆಯ ಹಿಡಿಗಳು. ಆಚೆ ಈಚೆ ನಿಂತು ಏತ ತುಳಿದ ಹಾಗೆ ಒಬ್ಬರು ಒತ್ತಬೇಕು, ಇನ್ನೊಬ್ಬರು ಎತ್ತಬೇಕು. 1737ರಲ್ಲಿ ಕಾನೂನು ಮಾಡಿ ಸ್ವಯಂಸೇವಕರ ದಳ ಕಟ್ಟಿದರು. ಹಗಲು ಬಡಗಿ, ಕಮ್ಮಾರ, ವ್ಯಾಪಾರಿಯಾಗಿದ್ದವರು ಗಂಟೆ ಬಾರಿಸಿದರೆ ಕೈಕೆಲಸ ಬಿಟ್ಟು ಓಡಬೇಕು. ಸಂಬಳವಿಲ್ಲ.

ಈ ಗಂಡಸರ ಚಿತ್ರಗಳ ನಡುವೆ ಒಂದು ಹೆಣ್ಣಿನ ಹೆಸರು. ಮಾಲಿ ವಿಲಿಯಮ್ಸ್. ಕಪ್ಪು ಜನಾಂಗದ ಹೆಂಗಸು, ಒಬ್ಬ ವರ್ತಕನ ಮನೆಯಲ್ಲಿ ಗುಲಾಮಳು. ಆ ವರ್ತಕ ಹನ್ನೊಂದನೆಯ ನಂಬರಿನ ಎಂಜಿನ್ ದಳದ ಸದಸ್ಯ. ದಳದವರಿಗೆ ಅಡುಗೆ ಮಾಡಿ ಹಾಕುತ್ತಿದ್ದವಳು ಈಕೆ. 1818ರ ಚಳಿಗಾಲದಲ್ಲಿ ದಳದ ಗಂಡಸರು ಕಾಯಿಲೆ ಬಿದ್ದಿದ್ದ ಹೊತ್ತಿಗೆ ಬೆಂಕಿಯ ಕರೆ ಬಂತಂತೆ. ಹೊರಗೆ ಹಿಮಪಾತ. ಮಾಲಿ ಹಗ್ಗ ಹಿಡಿದು ಆ ಭಾರದ ಎಂಜಿನ್ನನ್ನು ಹಿಮದಲ್ಲಿ ಎಳೆದುಕೊಂಡು ಹೋದಳು ಎನ್ನುತ್ತಾರೆ. ಹತ್ತಿಯ ಉಡುಪು, ಮೇಲೊಂದು ಏಪ್ರನ್, ತಲೆಗೆ ಚೌಕುಳಿ ಬಟ್ಟೆ, ಅದೇ ಅವಳ ಯೂನಿಫಾರಂ. ನ್ಯೂಯಾರ್ಕಿನಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1827ರಲ್ಲಿ. ಅಂದರೆ ತನ್ನ ಮೈಯೇ ತನ್ನದಲ್ಲದ ಕಾಲದಲ್ಲಿ ಅವಳು ಊರಿನವರ ಮನೆ ಉಳಿಸಲು ಹಗ್ಗ ಹಿಡಿದಿದ್ದಳು.

ಮಾಲಿಯ ನಂತರ ಹೆಣ್ಣುಮಕ್ಕಳು ಸಂಬಳದ ಅಗ್ನಿಶಾಮಕರಾಗಿ ಆ ಊರಿನ ಠಾಣೆಯೊಳಗೆ ಕಾಲಿಡಲು ಎಷ್ಟು ಕಾಲ ಹಿಡಿಯಿತು ಗೊತ್ತೇ? 1982ರವರೆಗೆ. 1977ರಲ್ಲಿ ಪರೀಕ್ಷೆಗೆ ಕೂರಲು ಬಿಟ್ಟರು, ಆದರೆ ದೇಹದಾರ್ಢ್ಯದ ಪರೀಕ್ಷೆಯಲ್ಲಿ ಒಬ್ಬ ಹೆಂಗಸೂ ಪಾಸಾಗಲಿಲ್ಲ. ಬ್ರೆಂಡಾ ಬರ್ಕ್‌ಮನ್ ಎಂಬ ಕಾನೂನು ವಿದ್ಯಾರ್ಥಿನಿ, ಈ ಪರೀಕ್ಷೆಗೂ ಬೆಂಕಿ ಆರಿಸುವ ಕೆಲಸಕ್ಕೂ ಸಂಬಂಧವಿಲ್ಲ ಎಂದು ಕೋರ್ಟಿಗೆ ಹೋದಳು, ಗೆದ್ದಳು. ಆ ವರ್ಷ ಸುಮಾರು 40 ಹೆಂಗಸರು ದಳ ಸೇರಿದರು. ಮೂವತ್ತು ವರ್ಷ ಪರೀಕ್ಷೆಯ ಪೇಪರು ತೆಗೆದವಳು ನಾನು. ಎಲ್ಲರೂ ಫೇಲಾದರೆ ತಪ್ಪು ಪೇಪರಿನದೂ ಇರಬಹುದು ಎಂಬುದು ನನಗೆ ಚೆನ್ನಾಗಿ ಗೊತ್ತು.

1835ರ ಡಿಸೆಂಬರಿನ ಮಹಾಬೆಂಕಿಯ ಚಿತ್ರಗಳನ್ನೂ ನೋಡಿದೆ. ಆ ರಾತ್ರಿ ಎಂಥ ಚಳಿಯೆಂದರೆ ನದಿಯೇ ಹೆಪ್ಪುಗಟ್ಟಿತ್ತು. ಮಂಜುಗಡ್ಡೆ ಒಡೆದು ನೀರು ಎತ್ತಿದರೆ ಕೊಳವೆಯೊಳಗೇ ಗಟ್ಟಿಯಾಗುತ್ತಿತ್ತು. ಕೊನೆಗೆ ಬೆಂಕಿ ಮುಂದೆ ಹೋಗದ ಹಾಗೆ ಕಟ್ಟಡಗಳನ್ನೇ ಮದ್ದಿಟ್ಟು ಉರುಳಿಸಿದರು. 500ಕ್ಕೂ ಹೆಚ್ಚು ಕಟ್ಟಡಗಳು ಹೋದವು. ವಿಮಾ ಕಂಪನಿಗಳು ಸಾಲುಸಾಲಾಗಿ ದಿವಾಳಿಯೆದ್ದವು. ಆ ಹೊತ್ತಿಗಾಗಲೇ ಮಾತಿನಲ್ಲೇ ಇದ್ದ, ದೂರದ ಕ್ರೋಟನ್ ನದಿಯಿಂದ ಊರಿಗೆ ನೀರು ತರುವ ಯೋಜನೆ 1842ರಲ್ಲಿ ಮುಗಿಯಿತು. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಷ್ಟೇ ಅಲ್ಲ, ಎಲ್ಲ ಊರಿನ ಚರಿತ್ರೆಯಲ್ಲೂ ಇದೆ ಎಂದುಕೊಂಡೆ. ಅವರಾದರೂ ತೋಡಿದರು.

ಸ್ವಯಂಸೇವಕ ದಳಗಳ ನಡುವೆ ಜಗಳವೂ ಇತ್ತಂತೆ. ನಾವು ಮೊದಲು ನೀರು ಹಾಕಬೇಕು ಎಂದು ನಲ್ಲಿಯ ಮೇಲೆ ಪೀಪಾಯಿ ಕವುಚಿ ಕೂರುವುದು, ಇನ್ನೊಂದು ದಳದವರು ಬಂದರೆ ಹೊಡೆದಾಟ. ಇತ್ತ ಮನೆ ಉರಿಯುತ್ತಿರುವುದು. ನಮ್ಮೂರ ರಥ ಎಳೆಯುವಾಗಿನ ಓಣಿಯ ಜಗಳಗಳೇ ನೆನಪಾದವು. ಅಂತೂ 1865ರಲ್ಲಿ ಸ್ವಯಂಸೇವಕರನ್ನು ಬಿಟ್ಟು ಸಂಬಳದ ದಳ ಮಾಡಿದರು. ಹಬೆಯ ಎಂಜಿನ್ನುಗಳು ಬಂದವು, ಅವನ್ನೆಳೆಯಲು ಕುದುರೆಗಳು ಬಂದವು. ಗಂಟೆ ಬಾರಿಸಿದರೆ ಸಾಕು, ಕುದುರೆಗಳೇ ಲಾಯದಿಂದ ಬಂದು ಗಾಡಿಯ ಮುಂದೆ ನಿಲ್ಲುತ್ತಿದ್ದವು, ಮೇಲಿಂದ ಸಜ್ಜು ಅವುಗಳ ಬೆನ್ನ ಮೇಲೆ ಇಳಿಯುತ್ತಿತ್ತು. 1922ರಲ್ಲಿ ಕೊನೆಯ ಕುದುರೆಗಾಡಿ ಓಡಿತು. ನಾಯಿಗಳೂ ಇದ್ದವು. ಚೀಫ್ ಎಂಬ ನಾಯಿಯೊಂದನ್ನು ಸತ್ತ ಮೇಲೆ ಹೊಟ್ಟು ತುಂಬಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಉರಿಯುವ ಮನೆಯಿಂದ ಬೆಕ್ಕನ್ನು ಹೊರಗೆ ತಂದ ನಾಯಿ ಅದು. "ನಾಯಿ ಬೆಕ್ಕನ್ನ ಉಳಿಸ್ತಾ ಅಜ್ಜಿ?" ಎಂದು ಮೊಮ್ಮಗ ಮೂರು ಸಲ ಕೇಳಿದ.

ಒಂದು ಕೋಣೆಯಲ್ಲಿ 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರಗಳಲ್ಲಿ ಮಡಿದ 343 ಅಗ್ನಿಶಾಮಕ ಸಿಬ್ಬಂದಿಯ ಸ್ಮಾರಕವಿತ್ತು. ಜನ ಕೆಳಗೆ ಓಡಿಬರುತ್ತಿದ್ದಾಗ ಭಾರ ಹೊತ್ತು ಮೇಲೆ ಹತ್ತುತ್ತಿದ್ದವರು. ಅಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ನಮ್ಮಲ್ಲಿ ಏಪ್ರಿಲ್ 14ನ್ನು ಅಗ್ನಿಶಾಮಕರ ದಿನವಾಗಿ ಆಚರಿಸುತ್ತೇವೆ. 1944ರ ಆ ದಿನ ಮುಂಬಯಿ ಬಂದರಿನಲ್ಲಿ ಮದ್ದುಗುಂಡು, ಹತ್ತಿ ತುಂಬಿದ್ದ ಹಡಗು ಸಿಡಿದು 66 ಅಗ್ನಿಶಾಮಕರು ತೀರಿಕೊಂಡರು. ಸತ್ತವರ ಲೆಕ್ಕವನ್ನು ಮಕ್ಕಳಿಗೆ ಉರುಹೊಡೆಸುವುದು ಸುಲಭ, ಆ ಕೋಣೆಯಲ್ಲಿ ನಿಂತಾಗ ಮಾತ್ರ ಒಂದೊಂದು ಲೆಕ್ಕಕ್ಕೂ ಒಂದೊಂದು ಮನೆ ಇತ್ತು ಅನ್ನಿಸಿತು.

ನನಗೆ ತುಂಬ ಮೆಚ್ಚಿಗೆಯಾದದ್ದು ಮಕ್ಕಳಿಗಾಗಿ ಮಾಡಿಟ್ಟಿದ್ದ ಒಂದು ಮಾದರಿ ಮನೆ. ಅಡುಗೆಮನೆ, ಮಲಗುವ ಕೋಣೆ ಎಲ್ಲ ಇರುವ ಮನೆ. ಒಂದು ಶಾಲೆಯ ಮಕ್ಕಳು ಬಂದಿದ್ದರು. ನಿವೃತ್ತ ಅಗ್ನಿಶಾಮಕರೊಬ್ಬರು ಪಾಠ ಮಾಡುತ್ತಿದ್ದರು. ಹೊಗೆ ಮೇಲೇರುತ್ತದೆ, ಆದ್ದರಿಂದ ನೆಲಕ್ಕೆ ಬಗ್ಗಿ ತೆವಳಿ. ಬಾಗಿಲು ತೆರೆಯುವ ಮುಂಚೆ ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ ಮುಟ್ಟಿ ನೋಡಿ, ಬಿಸಿಯಿದ್ದರೆ ತೆರೆಯಬೇಡಿ. ಮನೆಯಿಂದ ಹೊರಗೆ ಹೋಗಲು ಎರಡು ದಾರಿ ಗೊತ್ತಿರಲಿ. ಹೊರಗೆ ಬಂದ ಮೇಲೆ ಆಟದ ಸಾಮಾನಿಗೆಂದು ಮತ್ತೆ ಒಳಗೆ ಹೋಗಬೇಡಿ. ಮಕ್ಕಳೆಲ್ಲ ಕಿಲಕಿಲ ನಗುತ್ತ ತೆವಳಿದರು, ನಮ್ಮವನೂ ಅವರ ಹಿಂದೆ ತೆವಳಿದ. ಪಾಠ ಮುಗಿದ ಮೇಲೆ ನಾನೂ ಶಿಕ್ಷಕಿ ಎಂದು ಮಗಳು ಅವರಿಗೆ ಹೇಳಿದಳು. ಅವರು ನನ್ನ ಕೈ ಕುಲುಕಿ ಒಂದು ಪ್ರಶ್ನೆ ಕೇಳಿದರು. ಮಗಳು ಕನ್ನಡದಲ್ಲಿ ಹೇಳಬೇಕಾದ ಅಗತ್ಯವೇನೂ ಇರಲಿಲ್ಲ, ನನಗೆ ಅರ್ಥವಾಗಿತ್ತು. ನಿಮ್ಮ ಶಾಲೆಯಲ್ಲಿ ಪ್ರತಿ ಕೋಣೆಗೂ ಎರಡನೆಯ ಬಾಗಿಲು ಇದೆಯೇ, ಅದು ತೆರೆದಿರುತ್ತದೆಯೇ?

"ಇದೆ" ಎಂದೆ. ಎರಡನೆಯ ಅರ್ಧಕ್ಕೆ ಉತ್ತರ ಹೇಳಲಿಲ್ಲ.

ಅವರೇ, ಇಲ್ಲಿಂದ ಇಪ್ಪತ್ತು ನಿಮಿಷ ನಡೆದರೆ ಒಂದು ಕಟ್ಟಡವಿದೆ, ಶಿಕ್ಷಕರು ಅದನ್ನು ನೋಡಲೇಬೇಕು ಎಂದು ದಾರಿ ಹೇಳಿದರು. ಮೊಮ್ಮಗನಿಗೆ ಐಸ್‌ಕ್ರೀಂ ಆಸೆ ತೋರಿಸಿ, ವಾಷಿಂಗ್ಟನ್ ಸ್ಕ್ವೇರ್ ಎಂಬ ಉದ್ಯಾನದ ಪಕ್ಕದ ಆ ಮೂಲೆಗೆ ಹೋದೆವು. ಹತ್ತು ಮಹಡಿಯ ಕಟ್ಟಡ. ಈಗ ವಿಶ್ವವಿದ್ಯಾಲಯದ್ದು. ಗೋಡೆಯ ಮೇಲೆ ಸ್ಮರಣೆಯ ಫಲಕಗಳು. ಆಗ ಅದರ ಹೆಸರು ಆಶ್ ಬಿಲ್ಡಿಂಗ್.

1911ರಲ್ಲಿ ಆ ಕಟ್ಟಡದ ಎಂಟು, ಒಂಬತ್ತು, ಹತ್ತನೆಯ ಮಹಡಿಗಳಲ್ಲಿ ಟ್ರಯಾಂಗಲ್ ಎಂಬ ಬಟ್ಟೆ ಕಾರ್ಖಾನೆಯಿತ್ತು. ಷರ್ಟ್‌ವೇಸ್ಟ್ ಎಂಬ ಹೆಣ್ಣುಮಕ್ಕಳ ಮೇಲುಡುಗೆಯನ್ನು ಹೊಲಿಯುತ್ತಿದ್ದರು, ನಮ್ಮ ಬ್ಲೌಸ್ ಇದ್ದ ಹಾಗೆ. ಹೊಲಿಯುವವರೂ ಹೆಣ್ಣುಮಕ್ಕಳೇ. ಇಟಲಿಯಿಂದ, ಪೂರ್ವ ಯೂರೋಪಿನಿಂದ ಬಡತನ ತಾಳಲಾರದೆ ಹಡಗು ಹತ್ತಿ ಬಂದ ಇಟಾಲಿಯನ್, ಯಹೂದಿ ಹುಡುಗಿಯರು. ಹದಿನಾಲ್ಕು ವರ್ಷದವರೂ ಇದ್ದರು, ಅಂದರೆ ನಮ್ಮ ಒಂಬತ್ತನೆಯ ತರಗತಿಯ ವಯಸ್ಸು. ಎರಡು ವರ್ಷ ಮುಂಚೆ, 1909ರಲ್ಲಿ, ಇಂಥ ಸುಮಾರು ಇಪ್ಪತ್ತು ಸಾವಿರ ಹುಡುಗಿಯರು ಕೂಲಿ ಮತ್ತು ಕೆಲಸದ ಹೊತ್ತಿಗಾಗಿ ಮುಷ್ಕರ ಹೂಡಿದ್ದರು. ಟ್ರಯಾಂಗಲ್ ಮಾಲೀಕರು ಸಂಘವನ್ನು ಒಪ್ಪಿಕೊಂಡಿರಲಿಲ್ಲ.

ಮಾರ್ಚ್ 25, ಶನಿವಾರ. ಸಂಜೆ ಐದಕ್ಕೆ ಇನ್ನೂ ಸ್ವಲ್ಪ ಹೊತ್ತು. ಎಂಟನೆಯ ಮಹಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಚಿಂದಿ ತುಂಬಿದ್ದ ಡಬ್ಬಕ್ಕೆ ಕಿಡಿ ಬಿತ್ತು. ಯಾರೋ ಎಸೆದ ಬೆಂಕಿಕಡ್ಡಿಯೋ ಸಿಗರೇಟಿನ ತುಂಡೋ ಇರಬೇಕು ಎಂದು ತನಿಖೆಯವರು ಹೇಳಿದರು. ಎಂಟನೆಯ ಮಹಡಿಯವರು ಫೋನ್ ಮಾಡಿ ಹತ್ತನೆಯ ಮಹಡಿಗೆ ಸುದ್ದಿ ಕೊಟ್ಟರು. ಮಾಲೀಕರೂ ಆಫೀಸಿನವರೂ ಚಾವಣಿಗೆ ಹತ್ತಿ ಪಕ್ಕದ ಕಟ್ಟಡಕ್ಕೆ ದಾಟಿದರು. ನಡುವಿನ ಒಂಬತ್ತನೆಯ ಮಹಡಿಗೆ ಸುದ್ದಿಯೇ ಮುಟ್ಟಲಿಲ್ಲ. ಅಲ್ಲಿ ಎರಡು ಮೆಟ್ಟಿಲ ದಾರಿಗಳಿದ್ದವು. ಒಂದು ಬೆಂಕಿಯಿಂದ ಮುಚ್ಚಿಹೋಯಿತು. ಇನ್ನೊಂದರ ಬಾಗಿಲಿಗೆ ಬೀಗ ಹಾಕಿತ್ತು. ಏಕೆಂದರೆ ಹುಡುಗಿಯರು ಹೊರಗೆ ಹೋಗುವಾಗ ಬಟ್ಟೆ ಕದ್ದುಕೊಂಡು ಹೋಗದ ಹಾಗೆ ಚೀಲ ತಪಾಸಣೆ ಮಾಡಲು ಒಂದೇ ಬಾಗಿಲಿನಿಂದ ಬಿಡುತ್ತಿದ್ದರು. ಕಟ್ಟಡದ ಹಿಂಬದಿಯ ಕಬ್ಬಿಣದ ಮೆಟ್ಟಿಲು ಭಾರಕ್ಕೆ ಮುರಿದು ಬಿತ್ತು. ಲಿಫ್ಟ್ ಓಡಿಸುತ್ತಿದ್ದ ಜೋಸೆಫ್ ಜಿಟೊ ಎಂಬಾತನೂ ಅವನ ಜೊತೆಗಾರನೂ ಮತ್ತೆ ಮತ್ತೆ ಮೇಲೆ ಹೋಗಿ ಆದಷ್ಟು ಮಂದಿಯನ್ನು ಇಳಿಸಿದರು, ಲಿಫ್ಟ್ ನಿಲ್ಲುವವರೆಗೂ.

ಫೈರ್ ಬ್ರಿಗೇಡ್ ತಡಮಾಡಲಿಲ್ಲ. ಕೆಲವೇ ನಿಮಿಷಗಳಲ್ಲಿ ಬಂದರು. ನಾವು ಮ್ಯೂಸಿಯಂನಲ್ಲಿ ನೋಡಿ ಬೆರಗಾದ ಆ ಕುದುರೆಗಳು, ಆ ಹಬೆಯ ಎಂಜಿನ್ನುಗಳು, ಆ ಧೈರ್ಯದ ಜನ, ಎಲ್ಲವೂ ಬಂದವು. ಏಣಿ ಏರಿಸಿದರು. ಏಣಿ ಆರನೆಯ ಮಹಡಿಗೆ ನಿಂತಿತು. ಹುಡುಗಿಯರು ಒಂಬತ್ತನೆಯದರ ಕಿಟಕಿಯಲ್ಲಿದ್ದರು. ಕೆಳಗೆ ಬಲೆ ಹಿಡಿದರು, ಅಷ್ಟೆತ್ತರದಿಂದ ಬಿದ್ದವರ ಭಾರಕ್ಕೆ ಬಲೆ ಹರಿಯಿತು. ಅರ್ಧ ಗಂಟೆಯೊಳಗೆ ಎಲ್ಲ ಮುಗಿದಿತ್ತು. 146 ಜನ ಸತ್ತರು, ಅವರಲ್ಲಿ 123 ಮಂದಿ ಹೆಣ್ಣುಮಕ್ಕಳು.

ನಾನು ಆ ಮೂಲೆಯಲ್ಲಿ ನಿಂತು ಆರನೆಯ ಸಾಲಿನ ಕಿಟಕಿ ಯಾವುದು, ಒಂಬತ್ತನೆಯದು ಯಾವುದು ಎಂದು ಬೆರಳಿನಿಂದ ಎಣಿಸಿದೆ. ನಡುವೆ ಎರಡೇ ಸಾಲು.

ಮಗಳು ಮುಂದಿನ ಕತೆಯನ್ನೂ ಹೇಳಿದಳು. ಮಾಲೀಕರಾದ ಮ್ಯಾಕ್ಸ್ ಬ್ಲಾಂಕ್ ಮತ್ತು ಐಸಾಕ್ ಹ್ಯಾರಿಸ್ ಮೇಲೆ ಮೊಕದ್ದಮೆ ನಡೆಯಿತು. ಆ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಿದ್ದುದು ಅವರಿಗೆ ಗೊತ್ತಿತ್ತು ಎಂಬುದು ಸಾಬೀತಾಗಲಿಲ್ಲವೆಂದು ಡಿಸೆಂಬರಿನಲ್ಲಿ ಬಿಡುಗಡೆಯಾದರು. 1914ರಲ್ಲಿ ಸಿವಿಲ್ ದಾವೆಯಲ್ಲಿ ಒಂದು ಜೀವಕ್ಕೆ 75 ಡಾಲರಿನಂತೆ ಕೊಟ್ಟು ರಾಜಿಯಾದರು. ಇದೆಲ್ಲ ಕೇಳಿ ಮನಸ್ಸು ಕಹಿಯಾಯಿತು, ಆದರೆ ಆಶ್ಚರ್ಯವಾಗಲಿಲ್ಲ. ನನ್ನನ್ನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂರಿಸಿದ್ದು ಇನ್ನೊಂದು ಮಾತು. 1913ರಲ್ಲಿ ಅದೇ ಬ್ಲಾಂಕ್ ತನ್ನ ಇನ್ನೊಂದು ಕಾರ್ಖಾನೆಯಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದ. 20 ಡಾಲರ್ ದಂಡ.

"ಎಂಥ ಮನುಷ್ಯನಮ್ಮ ಅವನು! ಅಷ್ಟೆಲ್ಲ ಆದಮೇಲೂ ಮತ್ತೆ ಬೀಗ ಹಾಕಿದಾನಲ್ಲ" ಎಂದಳು ಮಗಳು.

ನಾನು ಏನೂ ಹೇಳಲಿಲ್ಲ. ಏಕೆಂದರೆ ಅಂಥದೇ ಒಂದು ಬೀಗದ ಕೈ ನನ್ನ ಕೈಚೀಲದಲ್ಲಿತ್ತು.

ನಮ್ಮ ಶಾಲೆಯ ದೊಡ್ಡ ಹಾಲಿಗೆ ಎರಡು ಬಾಗಿಲು. ಮುಂದಿನದು ಅಂಗಳಕ್ಕೆ, ಹಿಂದಿನದು ರಸ್ತೆಯ ಕಡೆಗೆ. ಮಧ್ಯಾಹ್ನದ ಮೇಲೆ ಹುಡುಗರು ಹಿಂಬಾಗಿಲಿನಿಂದ ತಪ್ಪಿಸಿಕೊಂಡು ಕ್ರಿಕೆಟ್ಟಿಗೆ ಓಡುತ್ತಾರೆಂದು ಅದಕ್ಕೆ ಬೀಗ ಹಾಕಿಸಿದೆವು. ಹಾಕಿಸಿದೆವು ಎಂದರೆ, ಮೀಟಿಂಗಿನಲ್ಲಿ ಆ ಮಾತು ಎತ್ತಿದವಳು ನಾನೇ. ಶಿಸ್ತಿನ ಟೀಚರ್ ಎಂಬ ಹೆಸರು ನನಗಿತ್ತು, ಆದ್ದರಿಂದ ಕೈಯೂ ನನಗೇ ಬಂತು. 2011ರ ಜುಲೈನಲ್ಲಿ ಒಂದು ದಿನ ತಾಲ್ಲೂಕು ಕೇಂದ್ರದಲ್ಲಿ ತರಬೇತಿಯಿತ್ತು. ಕೈ ನನ್ನ ಚೀಲದಲ್ಲೇ ಉಳಿದು ನನ್ನೊಂದಿಗೆ ಬಸ್ಸು ಹತ್ತಿತು. ಆ ಮಧ್ಯಾಹ್ನ ಮಳೆಗೆ ತೇವವಾದ ಹಾಲಿನ ಸ್ವಿಚ್‌ಬೋರ್ಡು ಚಟಪಟ ಎಂದು ಕಿಡಿ ಹಾರಿಸಿ ಹೊತ್ತಿಕೊಂಡಿತು. ಬೋರ್ಡು ಇದ್ದದ್ದು ಮುಂಬಾಗಿಲ ಪಕ್ಕದಲ್ಲಿ. ಎರಡು ತರಗತಿಯ ಮಕ್ಕಳು ಹೊಗೆಗೆ ಹೆದರಿ ಹಿಂಬಾಗಿಲಿಗೆ ನುಗ್ಗಿದರು. ಬೀಗ. ಹಿಂದಿನವರು ತಳ್ಳಿದರು, ಮುಂದಿನವರು ಬಾಗಿಲಿಗೆ ಅಪ್ಪಚ್ಚಿಯಾದರು. ಜವಾನ ಓಡಿಬಂದು ಹೊರಗಿನಿಂದ ಹಾರೆಯಲ್ಲಿ ಬೀಗ ಒಡೆದ. ಅಷ್ಟರಲ್ಲಿ ಯಾರೋ ಮೇನ್ ಸ್ವಿಚ್ ತೆಗೆದರು, ಬೆಂಕಿ ತಾನಾಗಿ ಆರಿತು. ಎಂಟನೆಯ ತರಗತಿಯ ಒಬ್ಬ ಹುಡುಗಿಯ ಕೈ ಮುರಿದಿತ್ತು. ಅಷ್ಟೇ. ದೇವರು ದೊಡ್ಡವನು ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ.

ಒಂದು ವಾರಕ್ಕೆ ಹೊಸ ಬೀಗ ಬಂತು. ಕೈಯನ್ನು ಮತ್ತೆ ನನಗೇ ಕೊಟ್ಟರು. ನಾನು ತೆಗೆದುಕೊಂಡೆ.

ಕಾಣದ ದೇಶದ ಕತೆಯೇನಲ್ಲ ಇದು. ನಾನು ಎಂಟನೆಯ ತರಗತಿಯಲ್ಲಿದ್ದಾಗ, 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಜನ, ಹೆಚ್ಚಿನವರು ಮಕ್ಕಳು, ತೀರಿಕೊಂಡರು. ಅಪ್ಪ ಪೇಪರು ಓದುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡದ್ದು ನೆನಪಿದೆ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯಲ್ಲಿ ಬಿಸಿಯೂಟದ ಅಡುಗೆಮನೆಯ ಬೆಂಕಿ ಗರಿಯ ಸೂರಿಗೆ ಹತ್ತಿ 94 ಮಕ್ಕಳು ಸುಟ್ಟುಹೋದರು. ಮರುದಿನ ಪ್ರಾರ್ಥನೆಯ ಹೊತ್ತಿನಲ್ಲಿ ನಾವು ಎರಡು ನಿಮಿಷ ಮೌನವಾಗಿ ನಿಂತಿದ್ದೆವು. ಮೌನ ಮುಗಿಸಿ ಪಾಠಕ್ಕೆ ಹೋದೆವು. ಮುಂದೆ ಕೆಲವು ವರ್ಷಕ್ಕೆ ನಾನೇ ಬೀಗದ ಮಾತೆತ್ತಿದ್ದೆ.

ಅಂದಮೇಲೆ ಬ್ಲಾಂಕ್ ಎಂಬಾತನನ್ನು ರಾಕ್ಷಸನೆಂದು ಬೈದು ಮುಂದೆ ಹೋಗಲು ನನಗೆ ಆಗಲಿಲ್ಲ. ಅವನಿಗೆ ಬಟ್ಟೆಯ ಚಿಂತೆ, ನನಗೆ ಹಾಜರಿಯ ಚಿಂತೆ. ಬೀಗ ಹಾಕುವವರು ಯಾರೂ ಸಾಯಲಿ ಎಂದು ಹಾಕುವುದಿಲ್ಲ. ಒಳಗಿರುವವರನ್ನು ನಂಬಲಾರದೆ ಹಾಕುತ್ತಾರೆ. ಆಮೇಲೆ ಎಂಥ ಶೂರರು ಬಂದರೂ ಏಣಿ ಎಟುಕುವುದಿಲ್ಲ.

ಆ ದಿನ ಆ ಕಟ್ಟಡದ ಹತ್ತಿರದ ಮನೆಯೊಂದರಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬ ಹೆಂಗಸು ಗದ್ದಲ ಕೇಳಿ ಓಡಿಬಂದು ಎಲ್ಲವನ್ನೂ ಕಣ್ಣಾರೆ ನೋಡಿದಳು. ಅವಳು ಫ್ರಾನ್ಸಿಸ್ ಪರ್ಕಿನ್ಸ್, ಸ್ವಲ್ಪ ಕಾಲ ಶಿಕ್ಷಕಿಯಾಗಿದ್ದವಳು. ಕಾರ್ಖಾನೆಗಳ ತನಿಖೆಗೆ ನೇಮಿಸಿದ ಆಯೋಗದ ಕೆಲಸದಲ್ಲಿ ಅವಳೂ ಸೇರಿದಳು, ಕಾನೂನು ಮಾಡುವವರನ್ನೇ ಕರೆದೊಯ್ದು ಕಾರ್ಖಾನೆಗಳನ್ನು ತೋರಿಸಿದಳು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಬಾರದು, ಬೆಂಕಿಯ ಕವಾಯತು ಮಾಡಿಸಬೇಕು ಎಂಬಂಥ ಹತ್ತಾರು ಕಾನೂನುಗಳು ಬಂದವು. 1933ರಲ್ಲಿ ಅವಳು ಅಮೆರಿಕದ ಕಾರ್ಮಿಕ ಮಂತ್ರಿಯಾದಳು, ಅಲ್ಲಿಯ ಮಂತ್ರಿಮಂಡಲದ ಮೊದಲ ಮಹಿಳೆ. ಇನ್ನೊಬ್ಬ ಎಡ್ವರ್ಡ್ ಕ್ರೋಕರ್, ಆಗ ನ್ಯೂಯಾರ್ಕ್ ಫೈರ್ ಬ್ರಿಗೇಡಿನ ಮುಖ್ಯಸ್ಥ. ಎತ್ತರದ ಮಹಡಿಗಳ ಬೆಂಕಿಗೆ ನಮ್ಮ ಸಲಕರಣೆ ಸಾಲದು ಎಂದು ಮೊದಲೇ ಎಚ್ಚರಿಸಿದ್ದವನು. ಆ ವರ್ಷವೇ ಹುದ್ದೆ ಬಿಟ್ಟು, ಬೆಂಕಿ ಆರಿಸುವುದಕ್ಕಿಂತ ಬೆಂಕಿ ಬೀಳದ ಹಾಗೆ ನೋಡಿಕೊಳ್ಳುವ ಕೆಲಸಕ್ಕೆ ಹೋದ.

ರಜೆ ಮುಗಿಸಿ ಬಂದು, ಆ ಸ್ಟಾಫ್ ರೂಮಿನ ನಗು ಅಡಗಿದ ಮೇಲೆ ಹೆಡ್‌ಮಾಸ್ಟರ ಕೋಣೆಗೆ ಹೋಗಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟೆ. "ಹಿಂಬಾಗಿಲಿಗೆ ಇನ್ನು ಬೀಗ ಬೇಡ ಸಾರ್, ಒಳಗಿನಿಂದ ಚಿಲಕ ಸಾಕು" ಎಂದೆ. "ನೀವೇ ಹಾಕಿಸಿದ್ದಲ್ವಾ ಮೇಡಂ? ಹುಡುಗ್ರು ಓಡಿಹೋದ್ರೆ?" ಎಂದರು. "ಓಡಿಹೋದವರನ್ನ ನಾಳೆ ಬೈಬಹುದು ಸಾರ್" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜವಾಬ್ದಾರಿ ನಿಮ್ಮದು ಎಂದರು. ಜವಾನ ತನ್ನ ಮನೆಯಿಂದ ಹಸುವಿನ ಕೊರಳ ಗಂಟೆಯೊಂದನ್ನು ತಂದು ಆ ಬಾಗಿಲಿಗೆ ಕಟ್ಟಿದ. ಬಾಗಿಲು ತೆರೆದರೆ ಗಂಟೆ ಬಾರಿಸುತ್ತದೆ. ಈಗಲೂ ಮಧ್ಯಾಹ್ನದ ಪಾಠದ ನಡುವೆ ಒಮ್ಮೊಮ್ಮೆ ಠಣ್ ಎನ್ನುತ್ತದೆ. ತರಗತಿಯೆಲ್ಲ ನಗುತ್ತದೆ. ಯಾರೋ ಒಬ್ಬ ಕ್ರಿಕೆಟ್ಟಿಗೆ ಹೋದ ಎಂದು ನಾನು ಪಾಠ ಮುಂದುವರಿಸುತ್ತೇನೆ.

ಕೈ ಮುರಿದುಕೊಂಡಿದ್ದ ಆ ಹುಡುಗಿ ಈಗ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಜಾತ್ರೆಗೆ ಬಂದಾಗ ಸಿಕ್ಕಿದ್ದಳು. ಸಂಬಳ ಎಷ್ಟು, ಮದುವೆ ಯಾವಾಗ ಎಂದು ಕೇಳುವ ಮೊದಲು "ನಿಮ್ಮ ಫ್ಯಾಕ್ಟರಿಯಲ್ಲಿ ಹಿಂಬಾಗಿಲು ತೆಗೆದಿರುತ್ತೇನೇ?" ಎಂದು ಕೇಳಿದೆ. ಏನು ಮೇಡಂ ಹೀಗೆ ಕೇಳುತ್ತಾರೆ ಎಂದು ಅವಳು ನನ್ನನ್ನೇ ನೋಡಿದಳು. ಅವಳ ಕೈ ಹಿಡಿದುಕೊಂಡು, ಅಂದಿನ ಬೀಗದ ಕೈ ನನ್ನ ಹತ್ತಿರ ಇತ್ತು ಕಣೇ ಎಂದು ಹೇಳಿದೆ. ಅವಳು "ಗೊತ್ತು ಮೇಡಂ, ನಮಗೆಲ್ಲ ಗೊತ್ತಿತ್ತು" ಎಂದಳು.

ಟ್ರಯಾಂಗಲ್ ಕಟ್ಟಡದ ಮುಂದೆ ಪ್ರತಿ ವರ್ಷ ಮಾರ್ಚ್ 25ರಂದು ಜನ ಸೇರುತ್ತಾರೆ. ಫೈರ್ ಬ್ರಿಗೇಡಿನವರು ಏಣಿ ಏರಿಸಿ ಆರನೆಯ ಮಹಡಿಗೇ ನಿಲ್ಲಿಸುತ್ತಾರಂತೆ. ಸತ್ತ ಹುಡುಗಿಯರು ವಾಸವಿದ್ದ ಮನೆಗಳ ಮುಂದೆ ಅವರ ಹೆಸರು, ವಯಸ್ಸನ್ನು ಸೀಮೆಸುಣ್ಣದಲ್ಲಿ ಬರೆಯುವ ಪದ್ಧತಿ 2004ರಿಂದ ನಡೆದು ಬಂದಿದೆ. ಮಳೆ ಬಂದರೆ ಅಳಿಸುತ್ತದೆ, ಮುಂದಿನ ವರ್ಷ ಮತ್ತೆ ಬರೆಯುತ್ತಾರೆ. 2023ರಲ್ಲಿ ಅಲ್ಲೊಂದು ಉಕ್ಕಿನ ಸ್ಮಾರಕವನ್ನೂ ಮಾಡಿದರು. ಮಗಳು ಫೋಟೋ ಕಳಿಸಿದ್ದಳು. ನನಗೇಕೋ ಉಕ್ಕಿಗಿಂತ ಸೀಮೆಸುಣ್ಣವೇ ಹತ್ತಿರವೆನ್ನಿಸಿತು.

ಕೊನೆಗೆ ನಿಮ್ಮನ್ನೊಂದು ಮಾತು ಕೇಳಿ ಮುಗಿಸುತ್ತೇನೆ. ರಾತ್ರಿ ಕಳ್ಳರ ಹೆದರಿಕೆಗೆ ನಾವೆಲ್ಲ ಮುಂದಿನ ಗ್ರಿಲ್ಲಿಗೂ ಹಿತ್ತಿಲ ಬಾಗಿಲಿಗೂ ಬೀಗ ಜಡಿದು ಮಲಗುತ್ತೇವೆ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಕೈ ಎಲ್ಲಿದೆ? ಫ್ರಿಜ್ಜಿನ ಮೇಲೋ, ಯಜಮಾನರ ಪ್ಯಾಂಟಿನ ಜೇಬಿನಲ್ಲೋ, ದೇವರ ಗೂಡಿನಲ್ಲೋ? ಕತ್ತಲಲ್ಲಿ, ಹೊಗೆಯಲ್ಲಿ, ನಿಮ್ಮ ಮನೆಯ ಚಿಕ್ಕ ಮಗುವಿಗೂ ಅತ್ತೆಯವರಿಗೂ ಅದು ಸಿಗುತ್ತದೆಯೇ? ಇವತ್ತು ರಾತ್ರಿ ದೀಪ ಆರಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಈಗ ಬಾಗಿಲ ಪಕ್ಕದ ಮೊಳೆಗೆ, ಮಗುವಿನ ಕೈಗೆಟುಕುವಷ್ಟು ಕೆಳಗೆ ನೇತುಹಾಕಿದ್ದೇವೆ.